ಬೇಸಿಗೆಯ ಸಂತೆಗೆ ಮಕ್ಕಳನ್ನು ಕರೆದೊಯ್ಯುವುದು ಹೇಗೆ?

ನಗರದ ಬಯಲು ಮಾರುಕಟ್ಟೆಗಳಲ್ಲಿ ಬೇಸಿಗೆಯುದ್ದಕ್ಕೂ ಕಾಣುವ ನೋಟವಿದು: ಸುಡುವ ಮಧ್ಯಾಹ್ನ, ಎರಡೂ ಕೈಗಳಲ್ಲಿ ಚೀಲ ಹಿಡಿದ ದೊಡ್ಡವರು, ಅವರ ಹಿಂದೆ ಮುಖ ಕೆಂಪೇರಿಸಿಕೊಂಡು ಕಾಲೆಳೆಯುವ ಮಗು. ಅತ್ತರೆ ಹಟಮಾರಿ ಎಂಬ ಬೈಗುಳ ಬೇರೆ. ಮಗುವಿನದೇನೂ ತಪ್ಪಿಲ್ಲ. ಕರೆತಂದ ಹೊತ್ತು ಸರಿಯಿಲ್ಲ, ಕರೆತಂದವರ ತಯಾರಿ ಸಾಲದು.

ಹಂತ 1: ಹೊತ್ತು ಆರಿಸಿಕೊಳ್ಳಿ

ಬೆಳಿಗ್ಗೆ ಅಂಗಡಿಗಳು ತೆರೆಯುವಾಗಲೇ ಹೋಗಿ, ಇಲ್ಲವೇ ಸಂಜೆ ನಾಲ್ಕರ ಮೇಲೆ ಹೊರಡಿ. ಗಡಿಯಾರ ನೋಡದೆಯೂ ತಿಳಿಯಬಹುದು: ಮಗುವಿನ ನೆರಳು ಮಗುವಿಗಿಂತ ಗಿಡ್ಡವಾಗಿದ್ದರೆ ಅದು ಸಂತೆಯ ಹೊತ್ತಲ್ಲ. ಮಕ್ಕಳ ದೇಹದ ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ಹೆಚ್ಚು. ಹಾಗಾಗಿ ಅವರು ದೊಡ್ಡವರಿಗಿಂತ ಬೇಗ ಕಾಯುತ್ತಾರೆ. ಸಾಲದೆಂಬಂತೆ ಅವರ ಮುಖ ಕಾದ ಡಾಂಬರಿಗೆ ಹತ್ತಿರ. ಸಂಜೆಯಾದರೂ ನೆಲ ಬೇಗ ಆರುವುದಿಲ್ಲ. ಅಂಗೈಯ ಹಿಂಬದಿಯನ್ನು ಊರಿ ನೋಡಿ, ನಿಮಗೆ ತಡೆಯದಿದ್ದರೆ ತೆಳು ಚಪ್ಪಲಿಯ ಪುಟ್ಟ ಕಾಲಿಗೂ ತಡೆಯದು.

ಹಂತ 2: ಚೀಲ

ನೀರು, ಟೊಪ್ಪಿ, ಒದ್ದೆ ಬಟ್ಟೆ, ಒಂದು ಜೊತೆ ಉಡುಪು, ಸನ್‌ಸ್ಕ್ರೀನ್, ಅಷ್ಟೇ. ಸನ್‌ಸ್ಕ್ರೀನ್ ಎಸ್‌ಪಿಎಫ್ (ಬಿಸಿಲಿನಿಂದ ಕಾಯುವ ಮಟ್ಟ) 30ಕ್ಕಿಂತ ಕಡಿಮೆಯದು ಬೇಡ. ಹೊರಡುವ ಮುನ್ನ ಹಚ್ಚಿ, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ. ಆರು ತಿಂಗಳೊಳಗಿನ ಕೂಸಿಗೆ ನೆರಳು ಮತ್ತು ತೆಳು ಹತ್ತಿಬಟ್ಟೆಯೇ ರಕ್ಷಣೆ. ತಳ್ಳುಗಾಡಿಯ ಮೇಲೆ ದುಪಟ್ಟ ಹೊದಿಸಿ ನೆರಳು ಮಾಡಿದೆವೆಂದು ಬೀಗುವವರಿಗೊಂದು ಮಾತು: ಗಾಳಿಯಾಡದ ಆ ಗೂಡಿನೊಳಗೆ ಶಾಖ ಹೊರಗಿಗಿಂತ ಹೆಚ್ಚಾಗುತ್ತದೆ. ಇಕ್ಕಟ್ಟಿನ ಸಂತೆಗೆ ತಳ್ಳುಗಾಡಿಯೇ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ.

ಹಂತ 3: ಮಗು ಕೈತಪ್ಪುವ ಮೊದಲೇ ಸಿದ್ಧರಾಗಿ

ಬಹುತೇಕರು ಎಡವುವುದು ಇಲ್ಲೇ. ‘ನಮ್ಮ ಮಗು ಎಲ್ಲೂ ಹೋಗುವುದಿಲ್ಲ’ ಎನ್ನುವವರೇ ಮೈಕಿನ ಬಳಿಗೆ ಓಡಿ ಬರುತ್ತಾರೆ.

ಸಂತೆಯ ಬಾಗಿಲಲ್ಲಿ, ಅಂದಿನ ಉಡುಪಿನಲ್ಲಿ, ಮಗುವಿನ ಅಡಿಯಿಂದ ಮುಡಿಯವರೆಗಿನ ಒಂದು ಫೋಟೊ ತೆಗೆದುಕೊಳ್ಳಿ. ಗಾಬರಿಯಾದಾಗ ಅಂಗಿಯ ಬಣ್ಣ ಯಾರಿಗೂ ನೆನಪಿಗೆ ಬರುವುದಿಲ್ಲ. ನಿಮ್ಮ ಫೋನ್ ಸಂಖ್ಯೆಯನ್ನು ಮಗುವಿನ ಮುಂಗೈ ಒಳಬದಿಯಲ್ಲಿ ಪೆನ್ನಿನಿಂದ ಬರೆಯಿರಿ. ಜೇಬಿನೊಳಗಿನ ಚೀಟಿ ನಂಬಿಕೆಗೆ ಅರ್ಹವಲ್ಲ. ಅದು ಅಲ್ಲಿದೆ ಎಂಬುದೇ ಮಗುವಿಗೆ ಮರೆತಿರುತ್ತದೆ. ಮಗುವಿನ ಹೆಸರನ್ನಂತೂ ಎದ್ದು ಕಾಣುವಂತೆ ಬರೆಯಬೇಡಿ. ಅಪರಿಚಿತರು ಹೆಸರು ಹಿಡಿದು ಕರೆದರೆ ಮಗು ಪರಿಚಯದವರೆಂದೇ ತಿಳಿಯುತ್ತದೆ.

ಕಲಿಸಬೇಕಾದ ಪಾಠ ಚಿಕ್ಕದು: ನಾನು ಕಾಣದಿದ್ದರೆ ನಿಂತಲ್ಲೇ ನಿಲ್ಲು, ನನ್ನ ಹೆಸರು ಹಿಡಿದು ಕೂಗು. ಇಬ್ಬರೂ ಅಲೆಯತೊಡಗಿದರೆ ಒಬ್ಬರನ್ನೊಬ್ಬರು ದಾಟಿ ಹೋಗುತ್ತಲೇ ಇರುತ್ತಾರೆ. ‘ಅಮ್ಮಾ’ ಎಂದು ಕೂಗಿದರೆ ಸಂತೆಯ ಅರ್ಧದಷ್ಟು ಹೆಂಗಸರು ತಿರುಗಿ ನೋಡಿ, ತಮ್ಮ ಮಗು ಪಕ್ಕದಲ್ಲೇ ಇರುವುದನ್ನು ಕಂಡು ಸುಮ್ಮನಾಗುತ್ತಾರೆ. ಆದ್ದರಿಂದ ಅಮ್ಮ, ಅಪ್ಪನ ನಿಜವಾದ ಹೆಸರು ಮಗುವಿಗೆ ಬಾಯಿಪಾಠವಾಗಿರಲಿ. ಹೆಸರು ಹಿಡಿದು ಕರೆಯುವುದು ಅಗೌರವವೆಂಬ ಅಂಜಿಕೆ ಆ ಹೊತ್ತಿಗೆ ಬೇಡ. ಯಾರನ್ನು ಕೇಳಬೇಕು? ಮಕ್ಕಳೊಂದಿಗೆ ಬಂದಿರುವ ತಾಯಿಯನ್ನು, ಅಥವಾ ಅಂಗಡಿಯೊಳಗೆ ನಿಂತು ಮಾರುತ್ತಿರುವವರನ್ನು. ಸಮವಸ್ತ್ರದವರಲ್ಲಿ ಪೊಲೀಸ್ ಯಾರು, ಕಾವಲುಗಾರ ಯಾರು ಎಂಬುದು ನಾಲ್ಕು ವರ್ಷದ ಮಗುವಿಗೆ ತಿಳಿಯದು. ಅದರ ಮೇಲೆ ‘ಊಟ ಮಾಡದಿದ್ದರೆ ಪೊಲೀಸ್ ಹಿಡಿದುಕೊಂಡು ಹೋಗುತ್ತಾನೆ’ ಎಂದು ಹೆದರಿಸಿರುವವರು ನಾವೇ.

ಸ್ವಲ್ಪ ದೊಡ್ಡ ಮಕ್ಕಳಿಗೆ ಸೇರುವ ಜಾಗವೊಂದನ್ನು ಗೊತ್ತು ಮಾಡಿ. ಬಲೂನು ಮಾರುವವನು ಗುರುತಾಗಲಾರ, ಅವನು ನಡೆಯುತ್ತಲೇ ಇರುತ್ತಾನೆ. ಕದಲದ ಗುರುತು ಬೇಕು: ಕಮಾನು, ದೊಡ್ಡ ಮರ, ನೀರಿನ ಟ್ಯಾಂಕು. ಗೊತ್ತು ಮಾಡುವ ಮುನ್ನ ಒಮ್ಮೆ ಮಂಡಿಯೂರಿ ಮಗುವಿನ ಎತ್ತರದಿಂದ ನೋಡಿ. ನಿಮಗೆ ಕಾಣುವ ಫಲಕ ಅಲ್ಲಿಂದ ಕಾಣುವುದಿಲ್ಲ. ಕಾಣುವುದು ಕಾಲುಗಳು ಮತ್ತು ಚೀಲಗಳು.

ಮಗು ಕೈತಪ್ಪುವುದು ಹೆಚ್ಚಾಗಿ ನೀವು ಹಣ ಕೊಡುವಾಗ. ಒಂದು ಕೈಯಲ್ಲಿ ಸಾಮಾನು, ಇನ್ನೊಂದರಲ್ಲಿ ಮೊಬೈಲ್, ಕಣ್ಣು ಪರದೆಯ ಮೇಲೆ. ಆಗ ಮಗು ನಿಮಗೂ ಅಂಗಡಿಯ ಕಟ್ಟೆಗೂ ನಡುವೆ ನಿಂತಿರಲಿ. ಇಬ್ಬರು ದೊಡ್ಡವರಿದ್ದರೆ ‘ಅವರು ನೋಡಿಕೊಳ್ಳುತ್ತಿದ್ದಾರೆ’ ಎಂದು ಇಬ್ಬರೂ ನಂಬಿಕೊಂಡಿರುತ್ತಾರೆ. ‘ಈಗ ನೀವು ನೋಡಿಕೊಳ್ಳಿ’ ಎಂದು ಬಾಯಿಬಿಟ್ಟು ಹೇಳಿ, ಅವರು ‘ಹೂಂ’ ಎನ್ನುವವರೆಗೆ ಕಣ್ಣು ತೆಗೆಯಬೇಡಿ. ಜಿಪಿಎಸ್ ಗಡಿಯಾರ ಕಟ್ಟಿ ನಿಶ್ಚಿಂತರಾಗುವವರಿದ್ದಾರೆ. ಪಕ್ಕದ ಸಾಲಿನಲ್ಲಿದೆಯೋ ಈ ಸಾಲಿನಲ್ಲಿದೆಯೋ ಎಂಬುದನ್ನು ಅದು ನಿಖರವಾಗಿ ಹೇಳುವುದಿಲ್ಲ. ಮೂರರೊಳಗಿನ ಓಡುಕುಳಿಗೆ ಅದರ ಮಣಿಕಟ್ಟನ್ನು ನಿಮ್ಮದಕ್ಕೆ ಜೋಡಿಸುವ ಪಟ್ಟಿಯೇ ಮೇಲು. ನೋಡಿದವರು ನಗಲಿ.

ಇಷ್ಟಾದರೂ ಮಗು ಕಾಣದಿದ್ದರೆ ನಾಚಿಕೊಂಡು ಸದ್ದಿಲ್ಲದೆ ಹುಡುಕಬೇಡಿ. ‘ಹಳದಿ ಅಂಗಿ, ಐದು ವರ್ಷದ ಹುಡುಗ’ ಎಂದು ಗಟ್ಟಿಯಾಗಿ ಕೂಗುತ್ತಾ ಹೋಗಿ. ಸುತ್ತಲಿನ ಕಣ್ಣುಗಳೆಲ್ಲ ನಿಮ್ಮವಾಗುತ್ತವೆ. ಮಗು ಕೊನೆಯ ಬಾರಿ ಕಂಡ ಜಾಗದಲ್ಲೇ ಒಬ್ಬರು ಇರಲಿ. ಹತ್ತಿರ ರಸ್ತೆಯೋ ಕೆರೆಯೋ ಇದ್ದರೆ ಮೊದಲು ಅತ್ತ ಓಡಿ. ಸಿಕ್ಕ ಮೇಲೆ ಹೊಡೆಯಬೇಡಿ. ಹೊಡೆತ ತಿಂದ ಮಗು ಮುಂದಿನ ಬಾರಿ ನಿಮ್ಮನ್ನು ಕೂಗುವುದಿಲ್ಲ, ಅಡಗಿಕೊಳ್ಳುತ್ತದೆ.

ಹಂತ 4: ಕೊಳ್ಳುವುದು, ತಿನ್ನುವುದು

ಭಾರದ ಸಾಮಾನು ಕೊನೆಗೆ. ಕಣ್ಣೆದುರೇ ಬೆಂದ ಬಿಸಿ ತಿಂಡಿ ಸರಿ; ಹೆಚ್ಚಿಟ್ಟ ಹಣ್ಣು ಮತ್ತು ಎಲ್ಲಿಯ ನೀರೋ ತಿಳಿಯದ ಐಸು ಬೇಡ. ಮಗು ಕೇಳುವ ಮೊದಲೇ ಆಗಾಗ ನೀರು ಕುಡಿಸಿ.

ಆಟಿಕೆಯ ಸಾಲಿನಲ್ಲಿ ಕಟ್ಟುನಿಟ್ಟಾಗಿರಿ. ಮಿಣುಕುವ ಅಗ್ಗದ ಆಟಿಕೆಗಳಲ್ಲಿ ಹಲವಕ್ಕೆ ಅಂಗಿಯ ಗುಂಡಿಯಂತಹ ಪುಟ್ಟ ಬಟನ್ ಬ್ಯಾಟರಿ ಇರುತ್ತದೆ. ನುಂಗಿದ ಬ್ಯಾಟರಿ ಅನ್ನನಾಳವನ್ನು ಎರಡೇ ಗಂಟೆಯಲ್ಲಿ ಸುಟ್ಟು ತೂತು ಮಾಡಬಲ್ಲದು. ಮುಚ್ಚಳಕ್ಕೆ ತಿರುಪು ಇಲ್ಲದಿದ್ದರೆ ಅಲ್ಲೇ ಹಿಂದಿರುಗಿಸಿ. ಬಿಸಿಲಿನ ನೇರಳಾತೀತ (ಯುವಿ) ಕಿರಣ ತಡೆಯದ ಕಪ್ಪು ಕನ್ನಡಕವೂ ಬೇಡ. ಕತ್ತಲಿಗೆ ಪಾಪೆ ಅರಳಿ ಒಳಗೆ ಹೋಗುವ ಕಿರಣ ಹೆಚ್ಚಾಗಬಹುದು.

ಹಂತ 5: ಹೊರಡುವುದು

ಮಗು ಇನ್ನೂ ನಗುತ್ತಿರುವಾಗಲೇ ಹೊರಡಿ. ತಲೆನೋವು, ತಲೆಸುತ್ತು, ವಾಕರಿಕೆ, ಮಂಕು ಕಂಡರೆ ನೆರಳಿಗೆ ಕರೆದೊಯ್ದು, ಬಟ್ಟೆ ಸಡಿಲಿಸಿ, ಮೈಗೆ ಒದ್ದೆ ಬಟ್ಟೆ ಒತ್ತಿ, ಗಾಳಿ ಬೀಸಿ, ಗುಟುಕು ಗುಟುಕಾಗಿ ನೀರು ಕೊಡಿ. ಮೈ ಸುಡುತ್ತಿದ್ದು ಮಾತು ತೊದಲಿದರೆ ಅಥವಾ ಎಚ್ಚರ ತಪ್ಪಿದರೆ ಬಾಯಿಗೆ ಏನನ್ನೂ ಹಾಕದೆ, ಮೈ ತಣಿಸುತ್ತಲೇ ಆಸ್ಪತ್ರೆಗೆ ಧಾವಿಸಿ.

ಕಾರಿನಲ್ಲಿ ಬಂದವರು ‘ಒಂದು ಚೀಲ ತರುತ್ತೇನೆ, ಇಲ್ಲೇ ಕೂತಿರು’ ಎಂದು ಮಗುವನ್ನು ಒಳಗೆ ಬಿಟ್ಟು ಹೋಗಲೇಬಾರದು; ಬಿಸಿಲಲ್ಲಿ ನಿಂತ ಕಾರಿನೊಳಗೆ ಹತ್ತೇ ನಿಮಿಷದಲ್ಲಿ ಸುಮಾರು 10 ಡಿಗ್ರಿ ಸೆಲ್ಸಿಯಸ್ ಶಾಖ ಏರುತ್ತದೆ. ಮೊದಲು ಬಾಗಿಲುಗಳನ್ನೆಲ್ಲ ತೆರೆದು ಕಾದ ಗಾಳಿ ಹೊರಹೋಗಲು ಬಿಡಿ, ಸೀಟ್ ಬೆಲ್ಟಿನ ಲೋಹದ ಕೊಂಡಿಯನ್ನು ಮುಟ್ಟಿ ನೋಡಿ, ಆಮೇಲೆ ಮಗುವನ್ನು ಕೂರಿಸಿ.