ಮೈ ಗುರುತು ಹಿಡಿಯುತ್ತದೆ: ಗುಪ್ತ ಮಾಹಿತಿ ಪರೀಕ್ಷೆ ಮಾಡಿದ ನನ್ನ ಅನುಭವ

ಸೈಕಾಲಜಿ ಎಂ.ಎಸ್ಸಿ. ಪ್ರಾಜೆಕ್ಟಿಗೆ ನಾನು ಆರಿಸಿಕೊಂಡಿದ್ದು ಕನ್ಸೀಲ್ಡ್ ಇನ್ಫರ್ಮೇಶನ್ ಟೆಸ್ಟ್. ಇದರ ಮೂಲ ರೂಪವನ್ನು 1959ರಲ್ಲಿ ಪ್ರಕಟಿಸಿದವರು ಅಮೆರಿಕದ ಡೇವಿಡ್ ಲಿಕೆನ್. "ನೀನು ಕದ್ದೆಯಾ?" ಅಂತ ಇಲ್ಲಿ ಕೇಳುವುದೇ ಇಲ್ಲ. ಕದ್ದವನಿಗೆ ಮಾತ್ರ ಗೊತ್ತಿರುವ ಒಂದು ವಿವರವನ್ನು ಅದೇ ಥರದ ಬೇರೆ ವಿವರಗಳ ನಡುವೆ ತೋರಿಸಿ, ಮೈ ಎಲ್ಲಿ ಎಚ್ಚೆತ್ತುಕೊಳ್ಳುತ್ತದೆ ಅಂತ ನೋಡುತ್ತೇವೆ.

ನನ್ನ ಪ್ರಯೋಗದಲ್ಲಿ ಕೆಲವು ವಿದ್ಯಾರ್ಥಿಗಳು ಖಾಲಿ ರೂಮಿನ ಡ್ರಾಯರಿನಿಂದ ಉಂಗುರ ಎತ್ತಿಕೊಂಡು ಬರುತ್ತಿದ್ದರು. ಉಳಿದವರು ಸುಮ್ನೆ ಕಾರಿಡಾರಿನಲ್ಲಿ ಓಡಾಡಿ ಬರುತ್ತಿದ್ದರು. ಯಾರು ಯಾವ ಗುಂಪು ಅಂತ ನನಗೆ ಗೊತ್ತಿರುತ್ತಿರಲಿಲ್ಲ. ಬೆರಳಿನ ಬೆವರು ಎಷ್ಟು ಬದಲಾಗುತ್ತದೆ ಅಂತ ಗ್ರಾಫಿನಲ್ಲಿ ನೋಡಲು ಬೆರಳುಗಳಿಗೆ ಎಲೆಕ್ಟ್ರೋಡ್ ಕಟ್ಟಿ ಒಂದೊಂದೇ ಹೆಸರು ತೋರಿಸುತ್ತಿದ್ದೆ: ವಾಚು, ಬಳೆ, ಉಂಗುರ, ಸರ, ಓಲೆ. ಮೊದಲ ಹೆಸರಿಗೆ ಎಲ್ಲರ ಮೈಯೂ ಜಾಸ್ತಿ ಪ್ರತಿಕ್ರಿಯಿಸುತ್ತದೆ, ಹಾಗಾಗಿ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಬೆವರಿನ ಗೆರೆ ಏರಲು ಒಂದೆರಡು ಸೆಕೆಂಡ್ ಬೇಕು, ಇಳಿಯಲು ಇನ್ನೂ ಜಾಸ್ತಿ, ಆದ್ದರಿಂದ ನಡುವೆ ಆತುರ ಮಾಡುವಂತಿಲ್ಲ. ಎದೆ ಡವಡವ ಹೊಡೆದುಕೊಳ್ಳುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ಅಲ್ವಾ? ಆದರೆ ಗೊತ್ತಿರುವ ವಸ್ತು ಬಂದಾಗ ಬಡಿತ ಸಾಮಾನ್ಯವಾಗಿ ಸ್ವಲ್ಪ ನಿಧಾನವಾಗುತ್ತದೆ, ಉಸಿರೂ ತಗ್ಗುತ್ತದೆ.

ಇಇಜಿಯಲ್ಲಿ, ಅಂದರೆ ಮೆದುಳಿನ ವಿದ್ಯುತ್ ಅಲೆಗಳನ್ನು ತಲೆಯ ಮೇಲಿಂದ ದಾಖಲಿಸುವಾಗ, ಹುಡುಕುವುದು ಪಿ300 ಅಲೆಯನ್ನು; ಗುರುತಿರುವುದು ಕಂಡಾಗ ಇದು ದೊಡ್ಡದಾಗಿ ಏಳುತ್ತದೆ. ಹೆಸರು ಕಂಡ ಮೇಲೆ ಸುಮಾರು 300ರಿಂದ 800 ಮಿಲಿಸೆಕೆಂಡಿನೊಳಗೆ ಬರುತ್ತದೆ, ತಲೆಯ ಹಿಂಭಾಗದ ನಡುವಿನ ಪಿಝಡ್ ಜಾಗದಲ್ಲಿ ಚೆನ್ನಾಗಿ ಕಾಣುತ್ತದೆ. ಒಂದು ಸಲ ತೋರಿಸಿದರೆ ಸಾಲದು. ಮತ್ತೆ ಮತ್ತೆ ತೋರಿಸಿ, ಕಣ್ಣು ಮಿಟುಕಿಸಿದ ತುಣುಕುಗಳನ್ನು ತೆಗೆದು, ಸರಾಸರಿ ಹಾಕಬೇಕು.

ನಿಜವಾದ ಕಷ್ಟ ಇದ್ದದ್ದು ಪಟ್ಟಿ ಮಾಡುವುದರಲ್ಲಿ. ಆ ಸಾಲಿನಲ್ಲಿ ತಾಳಿ ಸೇರಿಸಿದರೆ ಏನೂ ಕದಿಯದವರ ಮೆದುಳೂ ಅಲ್ಲೇ ನಿಲ್ಲುತ್ತದೆ. ಅದಕ್ಕೇ ವಿಷಯ ಏನೂ ಗೊತ್ತಿಲ್ಲದವರಿಗೆ ಪಟ್ಟಿ ಕೊಟ್ಟು "ಇದರಲ್ಲಿ ಯಾವುದು ಕಳುವಾಗಿರಬಹುದು?" ಅಂತ ಕೇಳುತ್ತಿದ್ದೆ. ಹೆಚ್ಚಿನವರು ಒಂದನ್ನೇ ತೋರಿಸಿದರೆ ಆ ಪಟ್ಟಿ ಬಿಡಬೇಕು. ನಿಜವಾದ ಕೇಸಿನಲ್ಲಿ ಇದು ಇನ್ನೂ ಕಷ್ಟ. ವಿವರ ಟಿವಿಯಲ್ಲಿ ಬಂದುಬಿಟ್ಟರೆ, ಅಥವಾ ವಿಚಾರಣೆ ಮಾಡುವವರ ಬಾಯಿಂದಲೇ ಆರೋಪಿಯ ಕಿವಿಗೆ ಬಿದ್ದರೆ, ಆ ಪ್ರಶ್ನೆಯಿಂದ ಪ್ರಯೋಜನವಿಲ್ಲ.

2010ರಲ್ಲಿ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಒಪ್ಪಿಗೆಯಿಲ್ಲದೆ ಪಾಲಿಗ್ರಾಫ್, ಮೆದುಳಿನ ಪರೀಕ್ಷೆ, ಮಂಪರು ಪರೀಕ್ಷೆ ಯಾವುದನ್ನೂ ಮಾಡುವಂತಿಲ್ಲ ಅಂದಿತು. ಒಪ್ಪಿ ಕೂತರೂ ಬರೀ ಆ ಫಲಿತಾಂಶ ಸಾಕ್ಷಿಯಾಗುವುದಿಲ್ಲ. ಇದು ಸರಿ ಅಂತಲೇ ನಾನು ಹೇಳುತ್ತೇನೆ. ಆ ಉಂಗುರ ಇವನಿಗೆ ಗೊತ್ತು ಅಂತ ಮಾತ್ರ ನನ್ನ ಗ್ರಾಫ್ ತೋರಿಸುತ್ತದೆ. ಅವನು ಕದ್ದಿರಬಹುದು, ಕದಿಯುವುದನ್ನು ನೋಡಿರಬಹುದು, ಅಥವಾ ಅದೇ ಮನೆಯಲ್ಲಿ ಕೆಲಸಕ್ಕಿದ್ದು ದಿನವೂ ಅದನ್ನು ಕಂಡಿರಬಹುದು.