ಮೂಳೆ ಬಿಟ್ಟು ಸರಿದರೆ ನೀಲಿ ನೀರು

"ಸ್ಪಂಜು ಚುಚ್ಚಿ ಕಲಿತವರು ನಾಳೆ ಪೇಷೆಂಟ್ ಮೇಲೆ ಏನು ಮಾಡ್ತಾರೆ ಡಾಕ್ಟ್ರೇ?" ಅಂತ ನಮ್ಮ ಸರ್ಜನ್ ಒಬ್ಬರು ನಕ್ಕಿದ್ದರು. ಈಗ ಅವರ ಪಿಜಿ ವಿದ್ಯಾರ್ಥಿಗಳೇ ಸಂಜೆ, ಆಪರೇಷನ್ ಕಲಿಸಲು ನಾನು ಕೈಯಾರೆ ಮಾಡಿದ ಮಾಡೆಲ್ ಮುಂದೆ ಕಾಯುತ್ತಾರೆ. ಸ್ವಲ್ಪ ಜಂಬ ಪಟ್ಟರೆ ತಪ್ಪಲ್ಲ ಅಲ್ವಾ?

ಕೆಮ್ಮಿದರೆ ಮೂತ್ರ ಸೋರುವ ಹೆಂಗಸರಿಗೆ ಮೂತ್ರನಾಳದ ಕೆಳಗೆ ಆಸರೆಯಾಗಿ ಹಾಕುವ ಟಿವಿಟಿ ಟೇಪ್ ನೋಡುವುದಕ್ಕೆ ಸುಲಭ, ಕಲಿಸುವುದಕ್ಕೆ ಕಷ್ಟ. ಕಿಬ್ಬೊಟ್ಟೆಯ ಕೆಳಗಿನ ಪ್ಯೂಬಿಕ್ ಮೂಳೆಯ ಹಿಂದೆ ಟ್ರೋಕಾರ್, ಅಂದರೆ ಟೇಪ್ ಎಳೆದೊಯ್ಯುವ ದಪ್ಪ ಬಾಗು ಸೂಜಿ, ಹೋಗುವ ದಾರಿ ಯಾರಿಗೂ ಕಾಣುವುದಿಲ್ಲ. ಅದರ ಹಿಡಿಕೆ ನನ್ನ ಕೈಯಲ್ಲಿದ್ದರೆ ಪಿಜಿಗೆ ಏನೂ ತಿಳಿಯದು. ಅವರ ಕೈಯಲ್ಲಿದ್ದರೆ ನನಗೆ ಎದೆ ಡವಡವ.

ಸಿಮ್ಯುಲೇಟರ್ ಕೊಟೇಶನ್ ನೋಡಿ ಆಡಳಿತದವರು ಫೈಲ್ ಮುಚ್ಚಿದರು. ಹಾಗಾಗಿ ಕೈಯಿಂದಲೇ ದುಡ್ಡು ಹಾಕಿದೆ. ಕಂಪನಿ ಕೇಳಿದ್ದರ ನೂರನೇ ಒಂದು ಪಾಲೂ ಇರಲಿಕ್ಕಿಲ್ಲ. ಅದರಲ್ಲೂ ಅರ್ಧ ತಪ್ಪುಗಳಿಗೇ ಹೋಯಿತು. ಪ್ಲಾಸ್ಟಿಕ್ ಪೆಲ್ವಿಸ್, ಹಾಸಿಗೆಯ ಫೋಮ್, ಅವಧಿ ಮುಗಿದ ಕಿಟ್‌ನ ಟ್ರೋಕಾರ್, ಟೇಪ್ ಬದಲು ಲಾಡಿ.

ಮೊದಲು ಮೂತ್ರಕೋಶಕ್ಕೆ ಬಲೂನ್ ಇಟ್ಟೆ. ಮುಟ್ಟಿದರೆ ಒಡೆಯುತ್ತಿತ್ತು. ಹುಡುಗರು ಹೆದರಿ ಪಕ್ಕಕ್ಕೆ ಸರಿಯತೊಡಗಿದರು. ಪಕ್ಕದಲ್ಲಿರುವುದು ದೊಡ್ಡ ರಕ್ತನಾಳಗಳು! ಮೂತ್ರಕೋಶದ ತೂತಿಗಿಂತ ಅದು ಹತ್ತು ಪಾಲು ಕೆಟ್ಟದ್ದು. ಆಮೇಲೆ ದಪ್ಪ ರಬ್ಬರ್ ಚೀಲ. ಟ್ರೋಕಾರ್ ಜಾರಿಹೋಗುತ್ತಿತ್ತು, ಒಬ್ಬರೂ ತೂತು ಮಾಡಲಿಲ್ಲ, ಎಲ್ಲರಿಗೂ ಧೈರ್ಯ ಬಂತು. ಅವರಲ್ಲೊಬ್ಬಳು ಓಟಿಯಲ್ಲಿ ಮೊದಲ ಕೇಸಿಗೇ ಮೂತ್ರಕೋಶ ತೂರಿದಳು. ಮೂತ್ರಕೋಶದ ಒಳಗೆ ಓರೆಯಾಗಿ ನೋಡುವ 70 ಡಿಗ್ರಿ ಸ್ಕೋಪ್ ಹಾಕಿದರೆ, ಗಡಿಯಾರದ ಮುಖ ಅಂದುಕೊಂಡರೆ ಒಂದು ಗಂಟೆಯ ಜಾಗದಲ್ಲಿ ಟ್ರೋಕಾರ್ ಹೊಳೆಯುತ್ತಿತ್ತು. ತೆಗೆದು ಮತ್ತೆ ಹಾಕಿದೆವು, ಕ್ಯಾತಿಟರ್ ಕೆಲವು ದಿನ ಬಿಟ್ಟೆವು. ಪೇಷೆಂಟ್‌ಗೆ ತೊಂದರೆಯಾಗಲಿಲ್ಲ. ಮಾನ ಮಾತ್ರ ನನ್ನದೇ ಹೋಯಿತು.

ಈಗ ಮೂತ್ರಕೋಶದ ಜಾಗದಲ್ಲಿರುವುದು ಒಂದರೊಳಗೊಂದು ಎರಡು ಗ್ಲೌಸ್. ನಡುವೆ ಏನಿದೆ ಅಂತ ಇಲ್ಲಿ ಹೇಳಲ್ಲ, ಬಂದರೆ ತೋರಿಸುತ್ತೇನೆ. ನಿಜದ ಆಪರೇಷನ್‌ನಂತೆ ಖಾಲಿ ಮಾಡಿಯೇ ಚುಚ್ಚಿಸುತ್ತೇನೆ. ಆಮೇಲೆ 300 ಮಿಲಿ ನೀಲಿ ನೀರು. ತಪ್ಪಿದ್ದರೆ ಟೇಬಲ್ಲೇ ಹೇಳುತ್ತದೆ. ಮೂಳೆಯ ಹಿಂಭಾಗಕ್ಕೆ ಒರಟು ಲೇಪ ಕೊಟ್ಟಿದ್ದೇನೆ, ತುದಿ ಕರಕರ ಅನ್ನಬೇಕು. ಸದ್ದು ನಿಂತರೆ ಮೂಳೆ ಬಿಟ್ಟಿತು ಅಂತ, ಕೈ ನಿಲ್ಲಬೇಕು.

ಇನ್ನೊಂದು ಎಡವಟ್ಟು ಟೇಪಿನ ಪ್ಲಾಸ್ಟಿಕ್ ಹೊದಿಕೆ ಎಳೆಯುವಾಗ. ಆ ಎಳೆತಕ್ಕೆ ಟೇಪ್ ಬಿಗಿಯಾಗುತ್ತದೆ, ಮರುದಿನ ಮೂತ್ರವೇ ಹೊರಡದು. ಟೇಪಿಗೂ ಮೂತ್ರನಾಳಕ್ಕೂ ನಡುವೆ ಮೆಟ್ಜೆನ್‌ಬಾಮ್ ಕತ್ತರಿ ಇಟ್ಟು, ಹೊದಿಕೆ ಪೂರ್ತಿ ಬರುವ ತನಕ ತೆಗೆಯಬಾರದು. ಲಾಡಿಗೆ ಸ್ಟ್ರಾ ತೊಡಿಸಿ ಇದನ್ನೂ ಮಾಡಿಸುತ್ತೇನೆ.

2018ರಲ್ಲಿ ಬ್ರಿಟನ್ ಮೆಶ್ (ಟಿವಿಟಿ ಟೇಪಿನಂಥ ಪ್ಲಾಸ್ಟಿಕ್ ಜಾಲರಿ) ಬಳಕೆಗೆ ತಡೆ ಹಾಕಿದ ಸುದ್ದಿ ನೆನಪಾಗಿ ಫೇಶಿಯಾ ಸ್ಲಿಂಗ್‌ಗೂ, ಅಂದರೆ ಪೇಷೆಂಟ್‌ನದೇ ಹೊಟ್ಟೆಯ ಗಟ್ಟಿ ಪೊರೆಯ ಪಟ್ಟಿ ಹಾಕುವುದಕ್ಕೂ, ಕೈ ಹಾಕಿದೆ. ದಪ್ಪ ಬಟ್ಟೆಯಲ್ಲಿ ಎಂಟು ಸೆಂಟಿಮೀಟರ್ ಪಟ್ಟಿ ಕತ್ತರಿಸಿ ತುದಿಗೆ ಹೊಲಿಗೆ ಹಾಕಿಸಿದೆ. ಹೊಲಿಗೆ ಕಲಿತರು, ಫೇಶಿಯಾ ಬಿಡಿಸುವುದು ಬರಲಿಲ್ಲ. ಅದು ಅಲ್ಲೇ ನಿಂತಿದೆ.

ನನ್ನ ನಿಯಮ ಇಷ್ಟೇ: ಎರಡೂ ಕಡೆ ನೀಲಿ ಬಾರದೆ ಇಪ್ಪತ್ತು ಸಲ, ಸುಮಾರು ಹದಿನೈದು ಸಿಸ್ಟೋಸ್ಕೋಪಿ (ಸ್ಕೋಪ್ ಹಾಕಿ ಮೂತ್ರಕೋಶ ನೋಡುವುದು), ಆಮೇಲೆ ಓಟಿಯಲ್ಲಿ ಟ್ರೋಕಾರ್. ಮೊದಲು ಪಿಜಿಗಳ ಕೈಯಲ್ಲಿ ಹತ್ತಕ್ಕೊಂದು ತೂತಾಗುತ್ತಿತ್ತು. ಈಗ ಅರವತ್ತು ಕೇಸಿಗೆ ಎರಡೋ ಏನೋ.

ಸದ್ಯದ ತಲೆನೋವು ಗ್ಲೌಸ್ ಲೆಕ್ಕ. ಓಟಿ ಸಿಸ್ಟರ್ ನನ್ನನ್ನು ಕಂಡರೆ ಬೀರುವಿಗೆ ಬೀಗ ಹಾಕುತ್ತಾರೆ.