ರೌಂಡ್ ಬೇಲ್ ಸೈಲೇಜ್: ಸುತ್ತೋದು ಹೇಗೆ, ಇಡೋದು ಎಲ್ಲಿ

ಸೈಲೇಜ್ ಅಂದ್ರೆ ಹಸಿ ಮೇವನ್ನ ಗಾಳಿ ಆಡದಂಗೆ ಮುಚ್ಚಿಟ್ಟು ಹುಳಿ ಬರಿಸಿದ್ದು, ರೌಂಡ್ ಬೇಲ್ ಅಂದ್ರೆ ಆ ಮೇವನ್ನ ಯಂತ್ರದಲ್ಲಿ ಗುಂಡಗೆ ಒತ್ತಿ ಕಟ್ಟಿದ ಉರುಳೆ, ಅದಕ್ಕೆ ಪ್ಲಾಸ್ಟಿಕ್ ಸುತ್ತಿ ಇಡ್ತೀವಿ. ಬೇಲ್ ಒಳಗೆ ಬೂಷ್ಟು ಬಂತು ಅಂದ್ರೆ ಎಲ್ರೂ ಮೊದ್ಲು ಬೈಯೋದು ಪ್ಲಾಸ್ಟಿಕ್ಕಿಗೆ, ನಾನೂ ಬೈದಿದೀನಿ. ಆದ್ರೆ ಬಿಚ್ಚಿ ನೋಡ್ತಾ ಹೋದಂಗೆ ಗೊತ್ತಾಗಿದ್ದು ಏನಂದ್ರೆ ಮುಕ್ಕಾಲು ಪಾಲು ತಪ್ಪು ಸುತ್ತೋಕೆ ಮುಂಚೆ ಆಗಿರತ್ತೆ, ಇಲ್ಲಾ ಸುತ್ತಿದ್ಮೇಲೆ ಎತ್ತಿಡೋವಾಗ.

ಮೊದ್ಲು ತೇವ. ಈಗಷ್ಟೇ ಕೊಯ್ದ ಹಸಿ ಹುಲ್ಲಲ್ಲಿ 75-80% ನೀರಿರತ್ತೆ, ಅದನ್ನ ಹಂಗೇ ಸುತ್ತಿದ್ರೆ ಬೇಲ್ ಕುಸಿದು ಚಪ್ಪಟೆ ಆಗತ್ತೆ, ಕೆಟ್ಟ ಬ್ಯಾಕ್ಟೀರಿಯಾ ಸೇರ್ಕೊಂಡು ನಾರತ್ತೆ. ಬಾಡಿಸಿ 45ರಿಂದ 60% ಒಳಗೆ ತರ್ಬೇಕು. ಒಂದು ಹಿಡಿ ಹುಲ್ಲು ತಗೊಂಡು ಬಟ್ಟೆ ಹಿಂಡೋ ಥರ ಬಲವಾಗಿ ತಿರುಚಿ, ರಸ ತೊಟ್ಟಿಕ್ಕಿದ್ರೆ ಇನ್ನೂ ಬಾಡ್ಬೇಕು, ಕೈ ಬರೀ ಪಸೆ ಆದ್ರೆ ಸರಿ, ಚಟ್ ಅಂತ ಮುರಿದ್ರೆ ತಡ ಆಯ್ತು, ಅದನ್ನ ಒಣಹುಲ್ಲಾಗೇ ಮಾಡ್ಕೊಳ್ಳಿ. ಕೈ ಮೇಲೆ ನಂಬಿಕೆ ಇಲ್ವಾ, 100 ಗ್ರಾಂ ತೂಗಿ ಮೈಕ್ರೋವೇವಲ್ಲಿ ಸ್ವಲ್ಪ ಸ್ವಲ್ಪ ಹೊತ್ತು ಇಟ್ಟು ತೂಕ ಇಳಿಯೋದು ನಿಲ್ಲೋವರೆಗೂ ಒಣಗಿಸಿ, ಉಳಿದಿದ್ದು 45 ಗ್ರಾಂ ಅಂದ್ರೆ ತೇವ 55%. ಪಕ್ಕದಲ್ಲಿ ಒಂದು ಲೋಟ ನೀರು ಇಡೋದು ಮರೀಬೇಡಿ, ಇಲ್ಲಾಂದ್ರೆ ಹುಲ್ಲು ಹೊತ್ಕೊಳತ್ತೆ.

ಬೇಲ್ ಗಟ್ಟಿಯಾಗಿರ್ಬೇಕು. ಟ್ರ್ಯಾಕ್ಟರ್ ನಿಧಾನಕ್ಕೆ ಓಡಿಸಿ, ಬೇಲರ್ (ಬೇಲ್ ಕಟ್ಟೋ ಯಂತ್ರ) ಪ್ರೆಷರ್ ಚೆನ್ನಾಗಿ ಏರಿಸಿ, ಯಾಕಂದ್ರೆ ಸಡಿಲ ಇದ್ದಷ್ಟೂ ಒಳಗೆ ಗಾಳಿ ಜಾಸ್ತಿ. ಕಟ್ಟೋಕೆ ನೆಟ್ (ಪ್ಲಾಸ್ಟಿಕ್ ಬಲೆ) ಒಳ್ಳೇದು. ಎಣ್ಣೆ ಹಚ್ಚಿದ ನಾರಿನ ಹುರಿ ಬೇಡ, ಆ ಎಣ್ಣೆ ಪ್ಲಾಸ್ಟಿಕ್ಕನ್ನೇ ತಿನ್ನತ್ತೆ.

ಬೇಲ್ ಆದ್ಮೇಲೆ ಆದಷ್ಟು ಬೇಗ ಸುತ್ತಿ, ಬಿಸಿಲು ಜೋರಿದ್ರೆ ಎರಡ್ಮೂರು ಗಂಟೆ ಒಳಗೇ. ನಾನೊಂದ್ಸಲ ಬೆಳಿಗ್ಗೆ ನೋಡ್ಕೊಂಡ್ರಾಯ್ತು ಅಂತ ಮಲಗಿದ್ದೆ, ಎದ್ದು ಬೇಲೊಳಗೆ ಕೈ ತೂರಿಸಿದ್ರೆ ಸುಡ್ತಿತ್ತು! ಹಾಗೆ ಬಿಸಿ ಆಗಿದ್ದು ಅಷ್ಟೂ ಮೇವಿನ ಸತ್ವ ಸುಟ್ಟು ಬಂದಿದ್ದು.

ಸುತ್ತೋ ಪ್ಲಾಸ್ಟಿಕ್ ಫಿಲ್ಮಿನ ಪದರ ನಾಲ್ಕಕ್ಕಿಂತ ಕಮ್ಮಿ ಬೇಡ್ವೇ ಬೇಡ. ಕಡ್ಡಿ ಗಟ್ಟಿ ಇರೋ ಮೇವಾದ್ರೆ ಅಥವಾ ತುಂಬಾ ತಿಂಗಳು ಇಡೋದಾದ್ರೆ ಆರು ಹಾಕಿ, ಫಿಲ್ಮ್ ಉಳಿಸೋಕೆ ಹೋಗಿ ಮೇವು ಕಳ್ಕೊಳ್ಳೋದು ಯಾವ ಲೆಕ್ಕ? ಲೆಕ್ಕ ಹಿಡಿಯೋದು ಸುಲಭ, ಒಂದು ಸುತ್ತಿನ ಮೇಲೆ ಇನ್ನೊಂದು ಅರ್ಧ ಹತ್ತೋ ಹಾಗೆ ಸೆಟ್ ಮಾಡಿ, ಬೇಲ್ ಪೂರ್ತಿ ಮುಚ್ಚೋಕೆ ಎಷ್ಟು ಸುತ್ತು ಆಯ್ತು ಎಣಿಸಿ, ಒಂದು ಸೇರಿಸಿ, ಎರಡರಿಂದ ಗುಣಿಸಿದ್ರೆ ನಾಲ್ಕು ಪದರ, ಮೂರರಿಂದ ಗುಣಿಸಿದ್ರೆ ಆರು. ಫಿಲ್ಮ್ ಎಷ್ಟು ಹಿಗ್ತಿದೆ ಅನ್ನೋದನ್ನೂ ನೋಡಿ. ರೋಲ್ ಮೇಲೆ ಪೆನ್ನಲ್ಲಿ 10 ಸೆಂಟಿಮೀಟರ್ ಅಂತರಕ್ಕೆ ಎರಡು ಗೆರೆ ಹಾಕಿ, ಬೇಲ್ ಮೇಲೆ ಬಂದಾಗ ಅಳೆದ್ರೆ 15.5 ಇದ್ರೆ 55% ಹಿಗ್ಗಿದೆ ಅಂತ, ಅದಕ್ಕಿಂತ ತೀರಾ ಜಾಸ್ತಿ ಎಳೆದ್ರೆ ತೆಳ್ಳಗಾಗಿ ಹರಿಯತ್ತೆ. ಮಳೇಲಿ ಸುತ್ಬೇಡಿ, ಪದರಗಳು ಒಂದಕ್ಕೊಂದು ಅಂಟಲ್ಲ.

ಇನ್ನು ಇಡೋದು. ನೀರು ನಿಲ್ಲದ, ಸಮ ಇರೋ ಜಾಗ, ಕೂಳೆ ಕಲ್ಲು ಏನೂ ಇರ್ಬಾರ್ದು, ಮರದ ಕೆಳಗಂತೂ ಬೇಡ, ಕೊಂಬೆ ಬೀಳತ್ತೆ, ಹಕ್ಕಿ ಕೂತು ಕುಕ್ಕತ್ತೆ. ಚಪ್ಪಟೆ ಮುಖ ಕೆಳಗೆ ಮಾಡಿ ನಿಲ್ಲಿಸಿ, ಆ ಎರಡು ಮುಖದಲ್ಲೇ ಪ್ಲಾಸ್ಟಿಕ್ ದಪ್ಪ ಇರೋದು. ಸಾಧ್ಯ ಆದ್ರೆ ಇಡೋ ಜಾಗಕ್ಕೇ ತಂದು ಅಲ್ಲೇ ಸುತ್ತಿ. ಆಗದಿದ್ರೆ ಸುತ್ತಿದ ದಿನಾನೇ ಸಾಗಿಸಿ, ಚುಚ್ಚೋ ಮುಳ್ಳು ಬಳಸ್ದೆ ಅಪ್ಪಿ ಹಿಡಿಯೋ ಗ್ರ್ಯಾಬಲ್ಲಿ ಎತ್ತಿ. ಆಮೇಲೆ ನಾಲ್ಕಾರು ವಾರ ಮುಟ್ಲೇಬೇಡಿ, ಹುಳಿ ಬರೋ ಟೈಮ್ ಅದು. ಒಂದರ ಮೇಲೊಂದು ಪೇರಿಸೋದು ಬೇಲ್ ಒಣ, ಗಟ್ಟಿ ಇದ್ರೆ ಮಾತ್ರ.

ವಾರಕ್ಕೊಮ್ಮೆ ಸುತ್ತ ಒಂದು ರೌಂಡ್ ಹಾಕಿ. ಬೆರಳು ತೂರೋವಷ್ಟು ತೂತು ನೋಡಿ ಆಮೇಲೆ ಅಂಟಿಸಿದ್ರಾಯ್ತು ಅಂತ ಬಿಟ್ಟಿದ್ದೆ, ಬಿಚ್ಚಿದಾಗ ಅದರ ಹಿಂದೆ ಒಂದು ಬುಟ್ಟಿ ಅಗಲ ಬಿಳೀ ಬೂಷ್ಟು. ಸೈಲೇಜಿಗೇ ಅಂತ ಬರೋ ಟೇಪೇ ತನ್ನಿ, ಮಾಮೂಲಿ ಟೇಪ್ ಬಿಸಿಲಿಗೆ ಕಿತ್ತು ಬರತ್ತೆ. ಜಾಗ ಒರೆಸಿ, ಒಣಗಿಸಿ ಅಂಟಿಸಿ. ಬೇಲ್ ಸುತ್ತಮುತ್ತ ಹುಲ್ಲು ಬೆಳೆಯೋಕೆ ಬಿಡ್ಬೇಡಿ, ಇಲಿ ಮನೆ ಮಾಡತ್ತೆ.

ಬಿಚ್ಚಿದಾಗ ಹದವಾದ ಹುಳಿ ವಾಸನೆ ಬಂದ್ರೆ ಗೆದ್ರಿ. ಕೊಳೆತ ನಾತ ಬಂದ್ರೆ, ಸತ್ತ ಇಲಿ ಸಿಕ್ರೆ ಹಾಕ್ಲೇಬೇಡಿ, ಬಾಟುಲಿಸಂ (ಒಂದು ಬ್ಯಾಕ್ಟೀರಿಯಾದ ವಿಷದಿಂದ ಮೈ ಸ್ವಾಧೀನ ತಪ್ಪೋ ಕಾಯಿಲೆ) ಬಂದ್ರೆ ದನ ಏಳಲ್ಲ, ಕುದುರೆಗಂತೂ ಇನ್ನೂ ಅಪಾಯ. ಬಿಸಿಲುಗಾಲದಲ್ಲಿ ಬಿಚ್ಚಿದ ಬೇಲ್ ಒಂದೆರಡು ದಿನದಲ್ಲಿ ಖಾಲಿ ಆಗ್ಬೇಕು. ನೆಟ್ ಪೂರ್ತಿ ಎಳೆದು ತೆಗೀರಿ, ಚೂರು ಹೊಟ್ಟೆಗೆ ಹೋದ್ರೆ ಅದು ಕರಗಲ್ಲ, ಅಲ್ಲೇ ಉಂಡೆ ಕಟ್ಟತ್ತೆ.